ದುಂಡಪ್ಪನವರ ಲ್ಯಾಪ್‌ಟಾಪಿನಲ್ಲಿ ಗೂಡ್ಸ್ ಗಾಡಿ

ಲೋಂಡಾ ಕಡೆಯ ದುಂಡಪ್ಪನವರಿಗೆ ಇಪ್ಪತ್ತೆರಡು ವರ್ಷವಾಗಿದ್ದಾಗ ರೈಲಿನ ಸಹಾಯಕ ಚಾಲಕನ ಲಿಖಿತ ಪರೀಕ್ಷೆ ಪಾಸಾಯಿತು. ಸೋದರಮಾವ ಗೂಡ್ಸ್ ಗಾಡಿಯ ಡ್ರೈವರ್. ಅವನ ಜೊತೆ ಓಡಾಡಿ, ನಿಯಮಗಳ ಪುಸ್ತಕವನ್ನು ಪುಟಪುಟವೂ ಉರು ಹೊಡೆದಿದ್ದ ಹುಡುಗನಿಗೆ ಕೆಲಸ ಸಿಕ್ಕೇ ಸಿಗುತ್ತದೆ ಎಂದು ಮನೆಯವರು ಪೇಡೆ ಹಂಚಲು ತಯಾರಾಗಿದ್ದರು. ಉಳಿದದ್ದು ಕಣ್ಣಿನ ಪರೀಕ್ಷೆ ಒಂದೇ.

ವೈದ್ಯರು ಬಣ್ಣಬಣ್ಣದ ಚುಕ್ಕಿಗಳ ಪುಸ್ತಕವೊಂದನ್ನು ತೆರೆದು, "ಇದರಲ್ಲಿ ಯಾವ ಅಂಕಿ ಇದೆ?" ಎಂದು ಕೇಳಿದರು. ದುಂಡಪ್ಪನಿಗೆ ಅಂಕಿ ಕಾಣಲಿಲ್ಲ. ಬರೀ ಚುಕ್ಕಿ ಕಂಡವು. ಇನ್ನೊಂದು ಪುಟದಲ್ಲೂ ಅಷ್ಟೇ. ಕೆಂಪು ಹಸಿರು ತನಗೆ ಬೇರೆಬೇರೆಯಾಗಿ ಕಾಣುವುದಿಲ್ಲ ಎಂಬುದು ಅವನಿಗೆ ಗೊತ್ತಾದದ್ದೇ ಅಂದು.

"ಸಾಹೇಬ್ರ, ಸಿಗ್ನಲ್ಲಿನ ಕೈ ಅಡ್ಡ ಇದ್ರ ನಿಲ್ಲಬೇಕು, ಕೆಳಗ ಇಳದಿದ್ರ ಹೋಗಬೇಕು. ಅದಕ್ಕ ಬಣ್ಣ ಯಾಕ ಬೇಕ್ರಿ?" ಎಂದು ಅವನು ವಾದಿಸಿದ.

"ಕತ್ತಲಾದ ಮೇಲೆ ಆ ಕೈ ಕಾಣುತ್ತೇನಪ್ಪ? ಆಗ ದೀಪದ ಬಣ್ಣವನ್ನೇ ನೋಡಬೇಕು," ಎಂದರು ವೈದ್ಯರು.

ಡ್ರೈವರ್ ಕೆಲಸ ಅಲ್ಲಿಗೇ ಕೈತಪ್ಪಿತು.

ದುಂಡಪ್ಪನವರು ಟೈಪಿಂಗ್ ಕಲಿತರು, ಕಲಿಸಿದರು. ೧೯೯೧ರಲ್ಲಿ ಹೆಂಡತಿ ಶಿವವ್ವನ ಜೊತೆ ಬೆಂಗಳೂರಿಗೆ ಬಂದು ಇಟ್ಟಮಡುವಿನಲ್ಲಿ ಮನೆ ಹಿಡಿದು, ಬನಶಂಕರಿ ಎರಡನೇ ಹಂತದಲ್ಲಿ ಹನ್ನೆರಡು ಮಷೀನುಗಳ ಟೈಪಿಂಗ್ ಇನ್ಸ್‌ಟಿಟ್ಯೂಟ್ ತೆರೆದರು. ಹತ್ತು ವರ್ಷ ಚೆನ್ನಾಗಿಯೇ ನಡೆಯಿತು. ಕಂಪ್ಯೂಟರ್ ಬಂದ ಮೇಲೆ ಟೈಪಿಂಗ್ ಕಲಿಯುವ ಹುಡುಗಿಯರು ಬರುವುದು ನಿಂತಿತು, ಮಷೀನುಗಳು ಗುಜರಿಯವನ ತೂಕಕ್ಕೆ ಹೋದವು. ದುಂಡಪ್ಪನವರು ಅತ್ತು ಕೂರಲಿಲ್ಲ. ಹಳೆಯದೊಂದು ಲ್ಯಾಪ್‌ಟಾಪ್ ಕೊಂಡು, ಕಾಲೇಜಿನವರ ಪ್ರಬಂಧಗಳನ್ನು ಮನೆಯಲ್ಲೇ ಟೈಪ್ ಮಾಡಿಕೊಡತೊಡಗಿದರು.

೨೦೦೬ರಲ್ಲಿ, ಅವರಿಗೆ ಐವತ್ತನಾಲ್ಕು ತುಂಬಿದ್ದಾಗ, ಲ್ಯಾಪ್‌ಟಾಪಿನ ಒಂದು ಕೀ ಅಂಟಿಕೊಂಡಿತೆಂದು ಸಾರಕ್ಕಿಯ ರಿಪೇರಿ ಅಂಗಡಿಗೆ ಹೋದರು. ಅಂಗಡಿಯ ಸೀನು ಕೆಲಸವಿಲ್ಲದ ಹೊತ್ತಿನಲ್ಲಿ ತನ್ನ ದೊಡ್ಡ ಕಂಪ್ಯೂಟರಿನಲ್ಲಿ ರೈಲು ಓಡಿಸುತ್ತಿದ್ದ. ಪರದೆಯ ತುಂಬ ಎಂಜಿನ್ನಿನ ಕಿಟಕಿ, ಅದರಾಚೆ ಓಡಿ ಬರುವ ಹಳಿ. ಬ್ರೇಕಿನ ಹಿಡಿಕೆ, ಗಾಳಿಯ ಒತ್ತಡ ತೋರಿಸುವ ಮುಳ್ಳು, ಎಲ್ಲವೂ ಇದ್ದವು. ದುಂಡಪ್ಪನವರು ಕೀ ವಿಷಯ ಮರೆತು ಮುಕ್ಕಾಲು ಗಂಟೆ ನಿಂತೇ ನೋಡಿದರು.

"ಇದನ್ನ ನನ್ನದರಾಗ ಹಾಕಿಕೊಡ್ರಿ," ಎಂದರು.

ಸೀನು ಲ್ಯಾಪ್‌ಟಾಪನ್ನು ತಿರುಗಿಸಿ ನೋಡಿ ನಕ್ಕ. "ಇದರಲ್ಲಿ ಓಡಲ್ಲ ಸಾರ್. ಗ್ರಾಫಿಕ್ಸ್ ಕಾರ್ಡೇ ಇಲ್ಲ, ರ‍್ಯಾಮೂ ಕಮ್ಮಿ. ಟೈಪಿಂಗ್‌ಗೆ ಸರಿ. ರೈಲು ಹಾಕಿದ್ರೆ ಕುಂಟ್ಕೊಂಡು ಹೋಗುತ್ತೆ."

"ಕುಂಟಲಿ. ಹೋಗ್ತದೋ ಇಲ್ಲೋ, ಅಷ್ಟ ಹೇಳ್ರಿ."

"ಹೋಗುತ್ತೆ. ಮಜಾ ಬರಲ್ಲ ಅಷ್ಟೇ."

"ಮಜಾ ನನಗ ಬಿಡ್ರಿ. ನೀವು ಹಾಕ್ರಿ."

ಕೆಟ್ಟು ಮೂಲೆಗೆ ಬಿದ್ದಿದ್ದ ಇನ್ನೊಂದು ಲ್ಯಾಪ್‌ಟಾಪಿನಿಂದ ರ‍್ಯಾಮ್ ಕಿತ್ತು ಸೇರಿಸಿ, ಆಟವನ್ನೂ ಹಾಕಿ ಸೀನು ಕೊಟ್ಟ. ಮನೆಗೆ ಬಂದು ಶುರು ಮಾಡಿದರೆ ಸೀನು ಹೇಳಿದ್ದೇ ನಿಜ. ಗಾಡಿ ಹೊರಟಿತು, ನಿಂತಿತು, ಮತ್ತೆ ಹಾರಿತು. ಒಂದು ಕ್ಷಣ ಮುಂದೆ ಸೇತುವೆ ಇದ್ದದ್ದು ಮರುಕ್ಷಣ ಹಿಂದೆ ಹೋಗಿತ್ತು. ಸ್ಟೇಷನ್ ಹತ್ತಿರವಾದಂತೆ ಪರದೆ ಪೂರ್ತಿ ಹೆಪ್ಪುಗಟ್ಟಿತು. ಲ್ಯಾಪ್‌ಟಾಪಿನ ತಳ ಹಂಚಿನಂತೆ ಕಾದಿತ್ತು.

ಬೇರೆಯವರಾಗಿದ್ದರೆ ಅಲ್ಲಿಗೆ ಬಿಡುತ್ತಿದ್ದರು. ದುಂಡಪ್ಪನವರು ಒಂದು ನೋಟ್‌ಬುಕ್ ತೆಗೆದರು. ಆಟದ ಸೆಟ್ಟಿಂಗ್‌ಗಳಲ್ಲಿ ದಿನಕ್ಕೆ ಒಂದನ್ನು ಮಾತ್ರ ಬದಲಿಸಿ, ಆದ ವ್ಯತ್ಯಾಸ ಬರೆದಿಟ್ಟರು. ನೆರಳು ತೆಗೆದರು: ಸ್ವಲ್ಪ ಮೇಲು. ಪರದೆಯ ಚಿತ್ರ ಸಣ್ಣದು ಮಾಡಿದರು: ಇನ್ನಷ್ಟು ಮೇಲು. ಮರಗಳನ್ನು ತೆಗೆದ ದಿನ, "ಬಹಳ ಮೇಲು" ಎಂದು ಬರೆದು ಅಡಿಗೆರೆ ಎಳೆದರು. ದೂರದ ಗುಡ್ಡ, ಪ್ಲಾಟ್‌ಫಾರ್ಮಿನ ಜನ, ಹೊಗೆ, ಮೋಡ ಎಲ್ಲ ಹೋದವು. ಲ್ಯಾಪ್‌ಟಾಪನ್ನು ತಂತಿಯ ಜಾಲರಿಯೊಂದರ ಮೇಲಿಟ್ಟು ಪಕ್ಕಕ್ಕೆ ಟೇಬಲ್ ಫ್ಯಾನ್ ತಿರುಗಿಸಿದರು. ಮೂರನೇ ವಾರಕ್ಕೆ ಗಾಡಿ ನಿಲ್ಲದೆ ಓಡಿತು.

ಶಿವವ್ವ ಬಗ್ಗಿ ನೋಡಿದಳು. "ಗಿಡ ಇಲ್ಲ, ಮನಿ ಇಲ್ಲ, ಮಂದಿ ಇಲ್ಲ. ಬಟ್ಟ ಬಯಲಾಗ ಓಡಸಾಕತ್ತೀರಲ್ರಿ!"

"ಹಳಿ ಅದಾವು, ಸಿಗ್ನಲ್ ಅದಾವು, ಏರು ಇಳುಕಲು ಐತಿ. ಡ್ರೈವರಗ ಇನ್ನೇನ್ ಬೇಕು?"

ಒಂದು ಕೊರತೆ ಮಾತ್ರ ಉಳಿಯಿತು. ಕೀ ಒತ್ತಿ ಅರ್ಧ ಸೆಕೆಂಡಿನ ಮೇಲೆ ಬ್ರೇಕು ಹಿಡಿಯುತ್ತಿತ್ತು. ಅದನ್ನು ಏನು ಮಾಡಿದರೂ ಸರಿಮಾಡಲಾಗದು ಎಂದ ಸೀನು. ದುಂಡಪ್ಪನವರಿಗೆ ಅದು ಕೊರತೆ ಅನ್ನಿಸಲೇ ಇಲ್ಲ. "ಗೂಡ್ಸ್ ಗಾಡಿಯಾಗ ಎಂಜಿನ್ನಿನಿಂದ ಕಡೀ ಡಬ್ಬಿಗೆ ಬ್ರೇಕ್ ಮುಟ್ಟಾಕ ಇದಕ್ಕಿಂತ ತಡ ಆಗ್ತದ್ರಿ. ತಡ ಆಗ್ತದಂತ ಗೊತ್ತಿದ್ರ ಮೊದಲ ಹಿಡಿಯೋದಪ್ಪ," ಎಂದರು.

ಸೀನುವಿನ ಅಂಗಡಿಯಲ್ಲೇ ಅವರಿಗೆ ವಿಷ್ಣುವಿನ ಪರಿಚಯವಾಯಿತು. ಜಯನಗರ ನಾಲ್ಕನೇ ಟಿ ಬ್ಲಾಕಿನ ಎಂಜಿನಿಯರ್, ಮೂವತ್ತರ ಆಸುಪಾಸು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಇದೇ ಆಟದ ಹುಚ್ಚಿನ ನಾಲ್ಕೈದು ಮಂದಿ ಅವನ ಮನೆಯಲ್ಲಿ ಸೇರುತ್ತಿದ್ದರು. ದುಂಡಪ್ಪನವರನ್ನೂ ಕರೆದ. "ಲ್ಯಾಪ್‌ಟಾಪ್ ತರ್ಬೇಡಿ ಅಂಕಲ್, ಅದೆಲ್ಲ ವೇಸ್ಟು. ನನ್ನ ಸಿಸ್ಟಮ್ಮಲ್ಲೇ ಓಡ್ಸಿ, ಸಖತ್ತಾಗಿದೆ," ಎಂದ.

ದುಂಡಪ್ಪನವರು ಲ್ಯಾಪ್‌ಟಾಪ್, ಜಾಲರಿ, ಟೇಬಲ್ ಫ್ಯಾನ್ ಮೂರನ್ನೂ ಆಟೋದಲ್ಲಿಟ್ಟುಕೊಂಡೇ ಹೋದರು.

ಅಂದಿನ ಪಂಥ: ನಲವತ್ತು ಡಬ್ಬಿಗಳ ಗೂಡ್ಸ್ ಗಾಡಿಯನ್ನು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂವರೆಗೆ ಘಾಟಿ ಇಳಿಸಬೇಕು. ವೇಗ ಎಲ್ಲಿಯೂ ಗಂಟೆಗೆ ಮೂವತ್ತು ಕಿಲೋಮೀಟರ್ ದಾಟಬಾರದು. ಮೊದಲು ವಿಷ್ಣು ಕುಳಿತ. ಅವನ ಪರದೆಯಲ್ಲಿ ಕಾಡು, ಮಂಜು, ಬಂಡೆಯ ಮೇಲಿನಿಂದ ಧುಮುಕುವ ನೀರು, ಎಲ್ಲ ಕಣ್ಣಿಗೆ ಹಬ್ಬ. ಅವನು ಬ್ರೇಕ್ ಹಿಡಿದ, ಬಿಟ್ಟ, ಮತ್ತೆ ಹಿಡಿದ. ಹೀಗೆ ಹಿಡಿದು ಬಿಟ್ಟು ಬ್ರೇಕಿನ ಗಾಳಿಯೆಲ್ಲ ಖರ್ಚಾಗಿ ಹಿಡಿತ ತಪ್ಪಿತು. ಎಂಟನೇ ಕಿಲೋಮೀಟರಿನಲ್ಲಿ ವೇಗ ಅರವತ್ತಕ್ಕೆ ಏರಿ ಗಾಡಿ ಹಳಿ ತಪ್ಪಿತು.

ದುಂಡಪ್ಪನವರ ಪರದೆ ಬೆಳಗಿದಾಗ ಯಾರೋ ಕಿಸಕ್ಕೆಂದರು. ಬೋಳು ನೆಲ, ಎರಡು ಗೆರೆಯ ಹಳಿ. ಅವರು ತಲೆ ಎತ್ತಲಿಲ್ಲ. ಇಳಿಜಾರು ಶುರುವಾಗುವ ಮೊದಲೇ ಬ್ರೇಕ್ ಸ್ವಲ್ಪ ಹಿಡಿದು, ಹಿಡಿದಂತೆಯೇ ಉಳಿಸಿಕೊಂಡರು. ವೇಗದ ಮುಳ್ಳು ಇಪ್ಪತ್ತಾರು, ಇಪ್ಪತ್ತೇಳರಲ್ಲಿ ಅಂಟಿ ಕುಳಿತಂತಿತ್ತು. ಕಾಫಿ ಬಂತು, ಮುಟ್ಟಲಿಲ್ಲ.

"ಅಂಕಲ್, ಯೆಲ್ಲೋ ಸಿಗ್ನಲ್!" ಎಂದ ವಿಷ್ಣು.

"ನಡುವಿನ ದೀಪ ಹತ್ತೇತಿ, ನೋಡೀನಿ. ಸುಮ್ಮನಿರ್ರಿ."

ಒಂದು ಗಂಟೆಯ ಮೇಲೆ ಗಾಡಿ ಕುಳೆಂನಲ್ಲಿ ನಿಂತಿತು. ವೇಳಾಪಟ್ಟಿಗಿಂತ ಆರು ನಿಮಿಷ ತಡ, ಒಂದು ಡಬ್ಬಿಗೂ ಗೀರಿಲ್ಲ. ಕಿಸಕ್ಕೆಂದವರೇ ಚಪ್ಪಾಳೆ ತಟ್ಟಿದರು. ವಿಷ್ಣು ಮಾತ್ರ ಕೇಳಿದ, "ನಡುವಿನ ದೀಪ ಅಂದ್ರಲ್ಲ, ಯಾಕೆ? ಬಣ್ಣ ನೋಡಲ್ವಾ ನೀವು?"

"ಕೆಂಪು ಹಸಿರು ನನಗ ಒಂದ ನಮೂನಿ ಕಾಣ್ತಾವು. ಮ್ಯಾಲಿಂದು ಹತ್ತಿದ್ರ ಹೋಗು, ಕೆಳಗಿಂದು ಹತ್ತಿದ್ರ ನಿಲ್ಲು."

"ಹಾಗಾದ್ರೆ ನಿಜವಾದ ಗಾಡಿ ನಿಮ್ಮ ಕೈಗೆ ಕೊಡಲ್ಲ ಅಲ್ವಾ ಅಂಕಲ್?" ಎಂದ ವಿಷ್ಣು. ಚುಚ್ಚಬೇಕೆಂದು ಕೇಳಿದ್ದಲ್ಲ, ಬಾಯಿಗೆ ಬಂದದ್ದು ಬಂದುಬಿಟ್ಟಿತ್ತು.

"ಕೊಡಲಿಲ್ಲ. ಅವರು ಮಾಡಿದ್ದು ಸರಿ. ಹಿಂದ ಮಂದಿ ಕುಂತಿರ್ತಾರ, ಅವರ ಜೀವದ ಮ್ಯಾಲ ನಾನು ಹಟಾ ಮಾಡಬಾರದು." ದುಂಡಪ್ಪನವರು ಫ್ಯಾನಿನ ವೈರು ಸುತ್ತತೊಡಗಿದರು. "ಆದ್ರ ಇಲ್ಲಿ ಯಾರೂ ಸಾಯಂಗಿಲ್ಲ. ಇಲ್ಲಿ ನನಗ ಬ್ಯಾಡ ಅನ್ನಾಕ ಒಬ್ಬರಿಗೂ ಹಕ್ಕಿಲ್ಲ. ಕಣ್ಣಿಗೂ ಇಲ್ಲ, ಈ ಹಳೇ ಲ್ಯಾಪ್‌ಟಾಪಿಗೂ ಇಲ್ಲ."

ಸೀನುವಿಗೆ ಸುದ್ದಿ ಮುಟ್ಟಿತು. ದುಂಡಪ್ಪನವರ ನೋಟ್‌ಬುಕ್ ಇಸಕೊಂಡು, ಏನೇನು ತೆಗೆದರೆ ಎಷ್ಟೆಷ್ಟು ಚೆನ್ನಾಗಿ ಓಡುತ್ತದೆ ಎಂಬ ಪುಟವನ್ನು ಜೆರಾಕ್ಸ್ ಮಾಡಿ ಕೌಂಟರಿನ ಗಾಜಿನ ಕೆಳಗಿಟ್ಟ. ಆಮೇಲೆ ಯಾರಾದರೂ ಹಳೆಯ ಲ್ಯಾಪ್‌ಟಾಪ್ ಹಿಡಿದು ಬಂದು ರೈಲು ಓಡುತ್ತಾ ಎಂದರೆ, "ಓಡುತ್ತೆ ಸಾರ್, ಇದನ್ನ ಓದ್ಕೊಳ್ಳಿ," ಎನ್ನುತ್ತಿದ್ದ.

ಎರಡು ವಾರದ ಮೇಲೆ ಶನಿವಾರ ಮಧ್ಯಾಹ್ನ ವಿಷ್ಣು ಇಟ್ಟಮಡುವಿನ ಮನೆ ಹುಡುಕಿಕೊಂಡು ಬಂದ. ಘಾಟಿ ಇಳಿಸುವುದನ್ನು ಕಲಿಸಿಕೊಡಬೇಕಂತೆ. ಶಿವವ್ವ ಅವನಿಗೆ ಮಂಡಕ್ಕಿ ಒಗ್ಗರಣೆ ಕೊಟ್ಟಳು. ದುಂಡಪ್ಪನವರು ಕುರ್ಚಿ ಬಿಟ್ಟುಕೊಟ್ಟು, ತಾವು ಹಿಂದೆ ಕೈಕಟ್ಟಿ ನಿಂತರು. ಮೊದಲ ಸಲ ಆರನೇ ಕಿಲೋಮೀಟರಿಗೇ ಗಾಡಿ ಕೈ ಮೀರಿತು.

"ಮತ್ತ ಮ್ಯಾಲಿಂದ ಶುರು ಮಾಡ್ರಿ," ಎಂದರು ದುಂಡಪ್ಪನವರು. "ಹೊತ್ತು ಭಾಳ ಐತಿ."