ಹೊಡೆಯಲು ಸಿಗುವ ಚೆಂಡು

ನಾನು ಎಡಗೈ ಸ್ಪಿನ್ನರ್. ಮೈಸೂರಿನ ಮೈದಾನಗಳಲ್ಲಿ ಕಲಿತು, ಆ ಎಡಗೈಯ ಪುಣ್ಯದಿಂದಲೇ ಬ್ಯಾಂಕಿನಲ್ಲಿ ಕ್ರೀಡಾ ಕೋಟಾದ ಕೆಲಸ ಗಿಟ್ಟಿಸಿ, ವರ್ಗವಾಗಿ ಕೊಚ್ಚಿಗೆ ಬಂದವಳು. ನನ್ನ ಬೌಲಿಂಗಿನ ಬಗ್ಗೆ ನನಗೆ ಯಾವತ್ತೂ ಸಂಕೋಚ ಇರಲಿಲ್ಲ, ಈಗಲೂ ಇಲ್ಲ. ಚೆನ್ನಾಗಿ ಹಾಕುತ್ತಿದ್ದೆ. ಬ್ಯಾಟ್ ಹಿಡಿದವರಿಗೆ ಚೆಂಡು ಇಲ್ಲಿ ಬೀಳುತ್ತದೆ ಎಂಬ ಆಸೆ ತೋರಿಸಿ ಅಲ್ಲಿ ಬೀಳಿಸುವುದು ನನ್ನ ಕಸುಬು. ಅದನ್ನು ಮೋಸ ಎನ್ನುವವರು ಒಮ್ಮೆ ನನ್ನೆದುರು ಬ್ಯಾಟ್ ಹಿಡಿದು ನೋಡಲಿ.

ಮೊಣಕಾಲು ಸವೆದ ಮೇಲೆ ಡಾಕ್ಟರು ಇನ್ನು ಆಟ ಸಾಕು ಎಂದರು. ಆ ದಿನ ಬಹಳ ಅತ್ತೆ. ಆದರೆ ಮೈದಾನ ಬಿಟ್ಟು ಬ್ಯಾಂಕಿನ ಕೌಂಟರಿಗಷ್ಟೇ ಅಂಟಿಕೊಳ್ಳುವ ಜೀವ ನನ್ನದಲ್ಲ. ಮನೆ ಹತ್ತಿರದ ಅಕಾಡೆಮಿಯಲ್ಲಿ ಹುಡುಗಿಯರ ಬ್ಯಾಚ್ ಶುರುವಾಗುವುದಿತ್ತು. ಹೋಗಿ ಕೇಳಿದೆ. ಕೋಚಿಂಗ್ ಸರ್ಟಿಫಿಕೇಟ್ ತಂದರೆ ಬ್ಯಾಚ್ ನಿಮ್ಮದು, ಇಲ್ಲದಿದ್ದರೆ ಬೇರೆಯವರು ಕಾಯುತ್ತಿದ್ದಾರೆ ಎಂದರು. ರಜೆ ಹಾಕಿ, ಆ ಕೋರ್ಸ್ ನಡೆಯುತ್ತಿದ್ದ ತಿರುವನಂತಪುರದ ರೈಲು ಹತ್ತಿದೆ. ಆ ಬ್ಯಾಚ್ ನನಗೆ ಬೇಕೇ ಬೇಕಾಗಿತ್ತು.

ಅಲ್ಲಿನ ಪಟ್ಟಂ ಬಡಾವಣೆಯಲ್ಲಿ ಬ್ಯಾಂಕಿನ ಅತಿಥಿಗೃಹ. ಬೆಳಗ್ಗೆ ಪುಟ್ಟು ಕಡಲೆ ತಿಂದು ಸಿಟಿ ಬಸ್ಸಿನಲ್ಲಿ ಮೈದಾನಕ್ಕೆ. ತರಗತಿಯಲ್ಲಿ ನನ್ನನ್ನು ಹಿಡಿಯುವವರೇ ಇರಲಿಲ್ಲ. ಸ್ನಾಯುಗಳ ಹೆಸರು, ಮಕ್ಕಳ ವಯಸ್ಸಿಗೆ ತಕ್ಕ ವ್ಯಾಯಾಮ, ಬಿಸಿಲಲ್ಲಿ ಎಷ್ಟು ಹೊತ್ತು ಆಡಿಸಬಹುದು, ಎಲ್ಲವೂ ನಾಲಿಗೆ ತುದಿಯಲ್ಲಿ. ಜೊತೆಗಿದ್ದವರಲ್ಲಿ ಹೆಚ್ಚಿನವರು ನನಗಿಂತ ಚಿಕ್ಕ ಹುಡುಗರು. "ಚೇಚ್ಚಿ ಹೇಳಿಕೊಡಿ" ಎಂದು ಊಟದ ಹೊತ್ತಿಗೆ ಸುತ್ತ ಕೂರುತ್ತಿದ್ದರು. ನಾನೂ ಅಕ್ಕನ ಗತ್ತಿನಲ್ಲೇ ಹೇಳಿಕೊಡುತ್ತಿದ್ದೆ.

ನಮಗೆ ಕಲಿಸುತ್ತಿದ್ದ ಸರ್ ಹಳೆಯ ವಿಕೆಟ್ ಕೀಪರ್, ಕಾಸರಗೋಡಿನವರು. ತರಗತಿಯಲ್ಲಿ ಇಂಗ್ಲಿಷ್, ಹುಡುಗರ ಜೊತೆ ಮಲಯಾಳಂ. ನನ್ನೊಬ್ಬಳ ಜೊತೆ ಮಾತ್ರ ಕನ್ನಡ. ಬೈಯುವುದಿದ್ದರಂತೂ ಕನ್ನಡವೇ.

ಬೈಗುಳ ಬಿದ್ದದ್ದು ಮೈದಾನಕ್ಕೆ ಇಳಿದ ಮೊದಲ ದಿನ. ಮಕ್ಕಳಿಗೆ ಡ್ರೈವ್ ಹೊಡೆಯಲು ಕಲಿಸುವಾಗ ಕೋಚ್ ಹತ್ತಿರ ನಿಂತು, ಕೈ ಕೆಳಗಿನಿಂದ ಚೆಂಡನ್ನು ಮೆತ್ತಗೆ ಎಸೆದುಕೊಡಬೇಕು. ಒಂದೇ ಜಾಗದಲ್ಲಿ ಬಿದ್ದು, ನೇರ ಬಂದು, ಹೊಡೆ ಎನ್ನುವಂತೆ ಇರಬೇಕು. ನಮ್ಮಲ್ಲೇ ಒಬ್ಬರು ಮಗು, ಒಬ್ಬರು ಕೋಚ್ ಆಗಿ ಅಭ್ಯಾಸ ಮಾಡಬೇಕಿತ್ತು. ನನ್ನೆದುರು ಮಗುವಾಗಿ ನಿಂತವನು ಆರಡಿ ಎತ್ತರದ ಗಡ್ಡದ ಹುಡುಗ. ಎಸೆದೆ. ಚೆಂಡು ನೆಲ ಮುಟ್ಟಿ ಆಚೆ ತಿರುಗಿತು, ಅವನ ಬ್ಯಾಟ್ ಗಾಳಿ ಬೀಸಿತು. ಮತ್ತೆ ಎಸೆದೆ, ಮತ್ತೆ ಗಾಳಿ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನನಗೂ ಒಳಗೊಳಗೇ ಖುಷಿ.

ಸರ್ ನಗಲಿಲ್ಲ. ಹತ್ತಿರ ಬಂದು, "ಎಂತ ಮಾರಾಯ್ರೆ ಇದು? ನೀವು ವಿಕೆಟ್ ತೆಗ್ದದ್ದು ಹೌದು. ಅವ ಕಲ್ತದ್ದು ಎಂತ?" ಎಂದರು.

"ಬೇಕಂತ ತಿರುಗಿಸಲಿಲ್ಲ ಸರ್. ಬೆರಳು ತಾನಾಗೇ ತಿರುಗಿಬಿಡತ್ತೆ."

"ಆ ಬೆರಳನ್ನು ಸರಿ ಮಾಡಿ. ಇಲ್ಲದಿದ್ರೆ ನಿಮ್ಮನ್ನು ಪಾಸ್ ಮಾಡ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಬೆವರು ಸುರಿಸಿ ಪಳಗಿಸಿದ ಬೆರಳನ್ನು ಸರಿ ಮಾಡಬೇಕಂತೆ! ಆದರೂ ಪರೀಕ್ಷೆಗೆ ಮುಂಚಿನ ವಾರಾಂತ್ಯ ಕೊಚ್ಚಿಗೆ ಬಂದಾಗ, ಏಲೂರಿನ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಂದ ಗಂಡನ ಕೈಗೆ ಬ್ಯಾಟ್ ಕೊಟ್ಟು ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಎಳೆದುಕೊಂಡು ಹೋದೆ. ಬ್ಯಾಟನ್ನು ದೊಣ್ಣೆ ಹಿಡಿದಂತೆ ಹಿಡಿಯುವ ಮನುಷ್ಯ. ಚೆಂಡನ್ನು ಬೆರಳಿಗೆ ತಾಗಿಸದೆ ಅಂಗೈಯಲ್ಲಿಟ್ಟು ಎಸೆದೆ. ಮೊದಮೊದಲು ಅಡ್ಡಾದಿಡ್ಡಿ ಹೋಯಿತು. ಕತ್ತಲಾಗುವ ಹೊತ್ತಿಗೆ ಪ್ರತಿ ಚೆಂಡೂ ನೇರ ಬೀಳುತ್ತಿತ್ತು. ಗಂಡ ಹೊಡೆದ ಚೆಂಡು ಯಾರದೋ ಕಾರಿಗೆ ತಗುಲಿ, ವಾಚ್‌ಮನ್ ಓಡಿ ಬಂದ.

"ನೋಡಿದ್ಯಾ, ನಾನೂ ಆಡ್ತೀನಿ ಕಣೇ" ಎಂದು ಗಂಡ ಬೀಗಿದ. ಬೆರಳು ಬಗ್ಗಿತು ಎಂದು ನಾನೂ ಬೀಗಿದೆ.

ಪರೀಕ್ಷೆಗೆ ಹತ್ತಿರದ ಶಾಲೆಯ ಮಕ್ಕಳನ್ನು ಕರೆಸಿದ್ದರು. ನನ್ನ ಗುಂಪಿನಲ್ಲಿ ಮೊದಲು ಬ್ಯಾಟ್ ಹಿಡಿದವಳು ಎರಡು ಜಡೆಯ ಹುಡುಗಿ. ನಿಲ್ಲುವುದು, ಹಿಡಿಯುವುದು, ಕಾಲು ಮುಂದಿಡುವುದು ತೋರಿಸಿಕೊಟ್ಟೆ. ಚುರುಕಾಗಿ ಕಲಿತಳು. ಸರ್ ಸ್ವಲ್ಪ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಧೈರ್ಯವಾಗಿ ಚೆಂಡೆತ್ತಿಕೊಂಡೆ.

ಪಾರ್ಕಿಂಗಿನಲ್ಲಿ ಸ್ಟಂಪ್ ಇರಲಿಲ್ಲ. ಇಲ್ಲಿ ಹುಡುಗಿಯ ಹಿಂದೆ ಮೂರು ಸ್ಟಂಪ್ ನೆಟ್ಟಿದ್ದವು. ಅವಳ ಬ್ಯಾಟಿಗೂ ಕಾಲಿಗೂ ನಡುವೆ ಕಿಂಡಿ. ನನ್ನ ಎಡಗೈಗೆ ಅಷ್ಟು ಸಾಕಾಯಿತು. ಚೆಂಡು ತಿರುಗಿತು, ಹುಡುಗಿ ತಪ್ಪಿದಳು. ಕಾಲು ಇನ್ನೂ ಮುಂದೆ ಇಡು ಮೋಳೆ ಎಂದೆ, ಅಲ್ಲಿಯವರು ಮಗಳೇ ಎನ್ನುವ ಹಾಗೆ. ಇಟ್ಟಳು. ಮತ್ತೆ ತಿರುಗಿತು. ತಲೆ ಬಗ್ಗಿಸು ಎಂದೆ, ಬಗ್ಗಿಸಿದಳು. ಚೆಂಡು ಸ್ಟಂಪಿಗೇ ಬಡಿಯಿತು. ಹಿಂದೆ ಸಾಲಿನಲ್ಲಿದ್ದ ಮಕ್ಕಳು ಹೋ ಎಂದವು.

ಹುಡುಗಿ ಬ್ಯಾಟನ್ನು ತಿರುವಿ ನೋಡಿಕೊಂಡಳು, ಆಮೇಲೆ ಅದನ್ನು ಹಿಂದಿನವಳ ಕಡೆಗೆ ಚಾಚಿದಳು. ನಾನು ಹೇಳಿದ್ದನ್ನೆಲ್ಲ ಅವಳು ಸರಿಯಾಗಿಯೇ ಮಾಡಿದ್ದಳು. ಇನ್ನೊಂದು ಚೆಂಡು ತಪ್ಪಿದರೆ ಈ ಆಟ ನನ್ನದಲ್ಲ ಎಂದು ಮನೆಗೆ ಹೋಗುತ್ತಾಳೆ, ಹಾಗೆ ಕಳಿಸಿದವಳು ನಾನಾಗುತ್ತೇನೆ. ಸರ್ ನೋಡುತ್ತಿರುವುದು ಆ ಕ್ಷಣಕ್ಕೆ ಮರೆತೇಹೋಯಿತು.

"ತಪ್ಪು ನಂದು, ನಿಂದಲ್ಲ. ಬಾ, ನಿಲ್ಲು" ಎಂದು ನನ್ನ ಹರಕು ಮಲಯಾಳಂನಲ್ಲಿ ಕರೆದೆ. ಚೆಂಡನ್ನು ಬಲಗೈಗೆ ತೆಗೆದುಕೊಂಡೆ.

ನನ್ನ ಬಲಗೈ ಅನ್ನ ಕಲಸಲು, ಸಹಿ ಹಾಕಲು ಇರುವ ಕೈ. ಅದಕ್ಕೆ ಸ್ಪಿನ್ ಗೊತ್ತಿಲ್ಲ, ಕಿಂಡಿ ಕಾಣಿಸುವುದಿಲ್ಲ. ಎಸೆದ ಚೆಂಡು ಪೆದ್ದುಪೆದ್ದಾಗಿ ಬಿದ್ದು, ನೆಟ್ಟಗೆ ಹೋಯಿತು. ಹುಡುಗಿ ಕಾಲು ಮುಂದಿಟ್ಟು, ತಲೆ ಬಗ್ಗಿಸಿ ಹೊಡೆದಳು. ಟಪ್ ಎಂಬ ಸದ್ದಿನೊಂದಿಗೆ ಚೆಂಡು ನನ್ನ ಪಕ್ಕದಲ್ಲೇ ಹಾದು ಬೌಂಡರಿಯ ಹಗ್ಗಕ್ಕೆ ಹೋಯಿತು. ನಾನು ಚಪ್ಪಾಳೆ ತಟ್ಟಿದೆ. ನನ್ನ ಎಸೆತಕ್ಕೆ ಬೌಂಡರಿ ಬಿದ್ದಾಗ ನಾನೇ ಚಪ್ಪಾಳೆ ತಟ್ಟಿದ್ದು ಜೀವಮಾನದಲ್ಲಿ ಅದೇ ಮೊದಲು.

ಎಲ್ಲ ಮುಗಿದ ಮೇಲೆ ಸರ್ ಕೇಳಿದರು. "ನೀವು ಎಡಗೈಯವರಲ್ವಾ? ಮಧ್ಯದಲ್ಲಿ ಕೈ ಬದಲಿಸಿದ್ದು ಯಾಕೆ?"

"ಎಡಗೈಗೆ ಇನ್ನೂ ವಿಕೆಟ್ ಬೇಕು ಸರ್. ಎಷ್ಟು ಹೇಳಿದ್ರೂ ಕೇಳಲ್ಲ."

ಅವರು ಆಗ ನಕ್ಕರು. "ಬೇಕು ಅಂತಲೇ ಇರ್ಲಿ. ಮಕ್ಕಳ ಎದುರು ಮಾತ್ರ ಅದನ್ನು ಹೊರಗೆ ತೆಗೀಬೇಡಿ."

ಪಾಸಾದೆ. ಬ್ಯಾಚ್ ಸಿಕ್ಕಿತು. ಈಗ ಕೊಚ್ಚಿಯಲ್ಲಿ ಸಂಜೆಸಂಜೆ ಹುಡುಗಿಯರಿಗೆ ಬಲಗೈಯಲ್ಲಿ ಚೆಂಡು ಹಾಕುತ್ತೇನೆ, ಅವರು ಹೊಡೆಯುತ್ತಾರೆ, ನಾನೇ ಕುಂಟುತ್ತಾ ಹೋಗಿ ಹೆಕ್ಕಿ ತರುತ್ತೇನೆ. ಮೊನ್ನೆ ಬಾಯಿಬಡುಕಿಯೊಬ್ಬಳು, ಒಂದೇ ಸಮನೆ ನಾಲ್ಕಾರು ಚೆಂಡು ಚಚ್ಚಿದ ಹುರುಪಿನಲ್ಲಿ, ಸೊಂಟಕ್ಕೆ ಕೈಯಿಟ್ಟು ಮಲಯಾಳಂನಲ್ಲಿ ಕೇಳಿದಳು.

"ಚೇಚ್ಚಿ, ನಿಮಗೆ ಬೌಲಿಂಗ್ ಅಷ್ಟೊಂದು ಬರಲ್ಲ ಅಲ್ವಾ?"

ಎಡಗೈ ಬೆರಳು ಜುಮ್ಮೆಂದವು. ಒಂದೇ ಒಂದು ಚೆಂಡು ಸಾಕಿತ್ತು, ಅವಳ ಬಾಯಿ ಮುಚ್ಚಿಸಲು.

"ಇಲ್ಲ ಮೋಳೆ, ಅಷ್ಟೊಂದು ಬರಲ್ಲ" ಎಂದೆ. "ನಿಲ್ಲು, ಇನ್ನೊಂದು ಹೊಡಿ."