ಮಣ್ಣಿಗೆ ಬಂದವರ ಲೆಕ್ಕ

ಸುರೇಬಾನದಲ್ಲಿ ಕೃಷ್ಣವ್ವನ ಬಾಯಿಗೆ ಹೆದರದವರಿಲ್ಲ. ಆದರೆ ಸವದತ್ತಿ ಬಸ್‌ಸ್ಟ್ಯಾಂಡಿನ ಹಿಂದೆ, ಹೊರದೇಶಕ್ಕೆ ಕೆಲಸದವರನ್ನು ಕಳಿಸುವ ಆಫೀಸು ತೆರೆದಿದ್ದ ಭರತನಿಗೆ ಇದು ಗೊತ್ತಿರಲಿಲ್ಲ, ಪಾಪ.

ಕೃಷ್ಣವ್ವನ ಮಗಳು ಸಂಘಮಿತ್ರಾಗೆ ಮೂವತ್ತೊಂದು. ವಯಸ್ಸಾದವರ ಆರೈಕೆಯ ಕೆಲಸ ಕಲಿತವಳು. ಜಪಾನಿಗೆ ಹೋಗಬೇಕೆಂದು ವರ್ಷವಿಡೀ ಅಲ್ಲಿನ ಭಾಷೆ ಓದಿ, ಪರೀಕ್ಷೆಯಲ್ಲಿ ಫೇಲಾಗಿ, ಸಾಕಪ್ಪಾ ಸಾಕು ಎಂದು ಈಗ ಕುವೈತಿನ ಒಂದು ಮನೆಯ ಕೆಲಸಕ್ಕೆ ಸಹಿ ಹಾಕಲು ಅವ್ವನೊಡನೆ ಬಂದಿದ್ದಳು. ಅದಕ್ಕೆ ಪರೀಕ್ಷೆಯ ಕಾಟವಿಲ್ಲ. ಅವಳ ಪಾಸ್‌ಪೋರ್ಟು ಆಗಲೇ ಭರತನ ಮೇಜಿನ ಮೇಲಿತ್ತು.

"ನೋಡ್ರಿ ಅಕ್ಕಾರ," ಎಂದು ಭರತ ಗೋಡೆಯ ಬೋರ್ಡು ತೋರಿಸಿದ. "ಹ್ವಾದ ವರ್ಷ ನಮ್ಮ ಆಫೀಸಿನಿಂದ ಕುವೈತಿಗೆ ಇನ್ನೂರಾ ಹನ್ನೆರಡು ಮಂದಿ. ಜಪಾನಿಗೆ ನಾಲ್ಕು. ಯಾವ ದೇಶ ಛಲೋ ಅಂತ ಮಂದೀನ ಹೇಳಾಕ ಹತ್ಯಾರ."

"ಹೋದೋರ ಲೆಕ್ಕಾ ಬರದೀರಿ. ಮಣ್ಣಿಗೆ ಬಂದೋರ ಲೆಕ್ಕಾ ಎಲ್ಲೈತಿ?" ಎಂದಳು ಕೃಷ್ಣವ್ವ.

ಭರತ ನಕ್ಕುಬಿಟ್ಟ. ನಗಬಾರದಿತ್ತು.

ಮಣ್ಣಿಗೆ ಹೋಗುವುದೆಂದರೆ ಈ ಸೀಮೆಯಲ್ಲಿ ಸತ್ತವರನ್ನು ಹೂಳುವಾಗ ಹೋಗಿ ಒಂದು ಹಿಡಿ ಮಣ್ಣು ಹಾಕುವುದು. ಜಗಳವಾಡಿ ಮಾತು ಬಿಟ್ಟವರೂ ಅದಕ್ಕೆ ತಪ್ಪಿಸಿಕೊಳ್ಳುವುದಿಲ್ಲ. ಕೃಷ್ಣವ್ವನಿಗೆ ತಪ್ಪಿತ್ತು. ಅವಳೂ ಕುವೈತಿನಲ್ಲಿ ನಾಲ್ಕು ವರ್ಷ ನೆಲ ಒರೆಸಿದವಳೇ. ಅಲ್ಲಿದ್ದಾಗ ಅವಳ ತಾಯಿ ರಾಯವ್ವ ಸತ್ತಳು. ಕೃಷ್ಣವ್ವ ಅತ್ತಳು, ಬೇಡಿಕೊಂಡಳು, ಒರೆಸುವ ಬಟ್ಟೆ ಬಿಸಾಕಿ ಎರಡು ದಿನ ಅಡುಗೆಮನೆಯ ನೆಲ ಬಿಟ್ಟು ಏಳಲಿಲ್ಲ. ಮನೆಯೊಡತಿ ಕಾಂಟ್ರಾಕ್ಟು ಮುಗಿಯಲು ಇನ್ನೂ ಹದಿನಾಲ್ಕು ತಿಂಗಳಿದೆ ಎಂದಳು, ತಾನು ಇಸಿದುಕೊಂಡಿದ್ದ ಅವಳ ಪಾಸ್‌ಪೋರ್ಟನ್ನು ಕಪಾಟಿನಿಂದ ತೆಗೆಯಲೇ ಇಲ್ಲ.

ಹದಿನಾಲ್ಕು ತಿಂಗಳ ಮೇಲೆ ಊರಿಗೆ ಬಂದವಳು ಬಸ್ಸಿಳಿದು ಮನೆಗೆ ಹೋಗಲಿಲ್ಲ. ಸೂಟ್‌ಕೇಸು ಎಳೆದುಕೊಂಡು ನೆಟ್ಟಗೆ ಹೂಳುವ ಜಾಗಕ್ಕೆ ನಡೆದಳು. ತಾಯಿಯ ಮೇಲೆ ಹುಲ್ಲು ಮೊಳಕಾಲುದ್ದ ಬೆಳೆದಿತ್ತು. ಈಗ್ಯಾಕ ಮಣ್ಣು ಎಂದು ಹಿರಿಯರು ಗದರಿದರು. "ನನ್ನ ಪಾಲಿಂದು ನೀವ್ಯಾರರ ಹಾಕೀರೇನು?" ಎಂದು ಹುಲ್ಲು ಕಿತ್ತು, ಒಂದು ಹಿಡಿ ಹಾಕಿಯೇ ಮನೆ ಸೇರಿದಳು. ಅಂದಿನಿಂದ ಅಕ್ಕಪಕ್ಕದ ಊರುಗಳಿಂದ ಯಾರು ಹೊರದೇಶಕ್ಕೆ ಹೋದರೂ ಅವಳಿಗೆ ಗೊತ್ತಿರುತ್ತದೆ, ಅವರ ಮನೆಯ ಸಾವೂ ಗೊತ್ತಿರುತ್ತದೆ.

ಅದನ್ನೇ ಈಗ ಭರತನ ಮುಂದೆ ಬಿಚ್ಚಿದಳು.

"ನನಗ ಗೊತ್ತಿದ್ದೋರು ಹತ್ತೊಂಬತ್ತು ಮಂದಿ ಕುವೈತಿಗೆ ಹ್ವಾದರು. ಏಳು ಮಂದಿ ಮನ್ಯಾಗ ಸಾವಾತು. ಬಂದಾಕಿ ಒಬ್ಬಾಕಿ, ಅದೂ ಆ ಮನೀ ಯಜಮಾನ ದೇವರಂಥಾಂವ ಅಂತ. ಜಪಾನಿಗೆ ಹ್ವಾದೋರು ಇಬ್ಬರ, ಅದರಾಗ ಒಬ್ಬಾಕಿ ಮನ್ಯಾಗ ಸಾವಾತು. ಮುರಗೋಡದ ಸ್ನೇಹಲ್‌ನ ಅಜ್ಜಿ ಸತ್ತಳು, ಮೂರನೇ ದಿನಕ್ಕ ಹುಡಿಗಿ ಬಂದ್ಲು, ಮಣ್ಣು ಹಾಕಿದ್ಲು, ತಿರಗಿ ಕೆಲಸಕ್ಕ ಹ್ವಾದ್ಲು. ರಜಾ ಆಕಿ ಕಾಗದದಾಗ ಬರದಿತ್ತು, ಯಾರ ಕಾಲೂ ಹಿಡೀಲಿಲ್ಲ."

"ಇಬ್ಬರ ಮ್ಯಾಲೆ ದೇಶ ಅಳೀತೀರೇನ್ರಿ?"

"ಇನ್ನೂರು ಮಂದಿ ಮ್ಯಾಲೆ ನೀ ಅಳದೀಯಲ್ಲ! ಬಿಟ್ಟರ ಉಪಕಾರ, ಬಿಡದಿದ್ದರ ಕಾಂಟ್ರಾಕ್ಟು. ಅಂಥಾದ್ದು ನನ್ನ ಮಗಳಿಗೆ ಬ್ಯಾಡ."

"ಅವ್ವಾ, ಸಾಕ ಮಾಡ," ಎಂದಳು ಸಂಘಮಿತ್ರಾ. ಸಿಟ್ಟು ಬಂದಿತ್ತು ಅವಳಿಗೆ. "ಮತ್ತ ಆ ಜಪಾನಿ ಪುಸ್ತಕಾ ಹಿಡಕೊಂಡು ಕುಂದ್ರಾಕ ನನ್ನ ಕೈಲೆ ಆಗಾಂಗಿಲ್ಲ."

"ಆತು, ಸಹಿ ಮಾಡು. ನಾ ಅಡ್ಡ ಬರಾಂಗಿಲ್ಲ. ಆದರ ಈ ಕಾಗದದಾಗ ಇಂವ ಒಂದ ಸಾಲು ಬರಿಲಿ. ಅವ್ವ ಸತ್ತರ ಮಗಳನ್ನ ಕಳಸ್ತೇವಿ ಅಂತ."

ಹಿಂದೆ ಸರದಿಗೆ ಕಾಯುತ್ತಿದ್ದವರೆಲ್ಲ ಭರತನ ಮುಖ ನೋಡತೊಡಗಿದರು. ಅವನು ಬೆವರೊರೆಸಿಕೊಂಡು ಮುಂಬೈಯ ತನ್ನ ಯಜಮಾನನಿಗೆ ಫೋನು ಹಚ್ಚಿದ, ಮೂರು ಸಲ ಹ್ಞೂಂ ಹ್ಞೂಂ ಎಂದ, ಇಟ್ಟ.

"ಹಂಗ ಬರಿಯಾಕ ಬರಾಂಗಿಲ್ಲಂತ್ರಿ. ಆದರ ಬಾಯಿಮಾತ ಕೊಡ್ತೇನಿ..."

ಸಂಘಮಿತ್ರಾ ಪೆನ್ನು ಕೆಳಗಿಟ್ಟಳು. ಮೇಜಿನ ಮೇಲಿದ್ದ ತನ್ನ ಪಾಸ್‌ಪೋರ್ಟನ್ನು ತಾನೇ ತೆಗೆದುಕೊಂಡು ಚೀಲಕ್ಕೆ ಹಾಕಿದಳು. ಅವಳ ಹಿಂದೆ ನಿಂತಿದ್ದವಳೂ ತನ್ನ ಪಾಸ್‌ಪೋರ್ಟು ವಾಪಸು ಕೇಳಿದಳು.

ಊರಿನ ಬಸ್ಸಿನಲ್ಲಿ ಮಗಳು ಅವ್ವನ ಪಕ್ಕದಲ್ಲೇ ಕುಳಿತಳು. ಕಟಕೋಳ ದಾಟಿದ ಮೇಲೆ, "ಡಿಸೆಂಬರದಾಗ ಮತ್ತ ಪರೀಕ್ಷಾ ಐತಿ," ಎಂದಳು. "ಪಾಸಾಗಿ ಅಲ್ಲಿ ಮುಟ್ಟೂತನಾ ನೀ ಸಾಯಬ್ಯಾಡ ಮತ್ತ."

"ಇಲ್ಲೇ ಇದ್ದರ ಮಣ್ಣಿಗೆ ಹೆಂಗೂ ಬರ್ತಿ," ಎಂದಳು ಕೃಷ್ಣವ್ವ. "ನೀ ಅಲ್ಲಿಗೆ ಹೋಗು. ಅಲ್ಲಿಂದ ಬಂದು ಮಣ್ಣು ಹಾಕಬೇಕು, ಆ ಭರತ ನೋಡಬೇಕು."