ನಾನು ಬರೆದ ಬಾಣಗಳು

1973ರಲ್ಲಿ ಏಳನೇ ಕ್ಲಾಸಿಗೆ ಓದು ಬಿಟ್ಟು ಕಲ್ಲು ಒಡೆಯುವ ಕೆಲಸಕ್ಕೆ ನಿಂತವನು ನಾನು. ಕಲ್ಲಿಗೆ ಕಿವಿ ಹಚ್ಚಿ ಕೂತ ಮನುಷ್ಯನನ್ನು ಕಂಡದ್ದು ಅದಾಗಿ ಹತ್ತು ವರ್ಷಕ್ಕೆ, ಅಜ್ಜಂಪುರದ ಆಚೆಯ ಗುಡ್ಡದಲ್ಲಿ. ಆಸಿಡ್ ತಾಗಿ ಹಳದಿಗಟ್ಟಿದ ಬೆರಳು. ಕಲ್ಲಿನ ಮೇಲೆ ಒಂದು ತೊಟ್ಟು ಆಸಿಡ್ ಬಿಟ್ಟು, ಅದು ಬುಸುಗುಡುವುದನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಮೈಸೂರಿನ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದವರು. ನಾವು ಕಲ್ಲಿನ ಮೇಷ್ಟ್ರು ಎನ್ನುತ್ತಿದ್ದೆವು.

“ಇಲ್ಲಿ ಎಣ್ಣೆ ಸಿಗ್ತದಾ ಸಾರ್?” ಎಂದು, ಪೆಟ್ರೋಲು ಹುಡುಕುವವರೇ ಹೀಗೆ ಕಲ್ಲು ನೋಡುವುದೆಂದುಕೊಂಡು ಕೇಳಿದ್ದೆ.

“ದೀಪ ಹಚ್ಚೋಕೂ ಸಿಗಲ್ಲ ಕಣಯ್ಯಾ. ಸಮುದ್ರದ ತಳದಲ್ಲಿ ಎಣ್ಣೆ ತುಂಬ್ಕೊಂಡಿರೋದೂ ಇಂಥ ಸುಣ್ಣದ ಕಲ್ಲಲ್ಲೇ. ಅಲ್ಲಿಗಿಳಿದು ನೋಡೋಕಾಗುತ್ಯೇ? ಪದರ ಹೇಗೆ ಕೂತಿರುತ್ತೆ ಅಂತ ಇಲ್ಲಾದ್ರೆ ಬಿಸಿಲಲ್ಲೇ ಕಾಣುತ್ತೆ.”

ಮೂರು ತಿಂಗಳು ಅವರಿಗೆ ಕಲ್ಲು ತೆಗೆದುಕೊಟ್ಟೆ. ಕೀಳುವ ಮೊದಲು ಪ್ರತಿ ಕಲ್ಲಿಗೂ, ಮೇಲ್ಮುಖ ಯಾವುದೆಂದು ತೋರಿಸಲು ಕೆಂಪು ಬಾಣ ಬರೆಯುತ್ತಿದ್ದರು. ಬುತ್ತಿಯಲ್ಲಿ ಅರ್ಧ ನನಗೆ ಕೊಟ್ಟು, “ನಿನ್ನ ಕೈ ಇಲ್ದಿದ್ರೆ ನನ್ನ ಓದು ದಂಡ” ಎನ್ನುತ್ತಿದ್ದರು. ಓದಿದವರ ಬಾಯಲ್ಲಿ ಆ ಮಾತನ್ನು ನಾನು ಬೇರೆಲ್ಲೂ ಕೇಳಿಲ್ಲ.

ಕೊನೆಯ ವಾರ ಅವರು ಜ್ವರ ಬಂದು ತರೀಕೆರೆಯಲ್ಲಿ ಮಲಗಿದರು. ಕಲ್ಲು ಪೆಟ್ಟಿಗೆಗೆ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಅಂಕುಡೊಂಕಾಗಿ ಕಳಿಸಿದರೆ ನನ್ನ ಕಸುಬಿಗೇ ಅವಮಾನ ಎನಿಸಿ, ಉಳಿ ಹಿಡಿದು ಒಂದೊಂದನ್ನೂ ಚೌಕ ಮಾಡಿದೆ. ಮುಗಿಸಿ ನೋಡಿದರೆ ಬಾಣಗಳೆಲ್ಲ ಚಕ್ಕೆಯ ಜೊತೆ ಹಾರಿಹೋಗಿದ್ದವು.

“ಭಾವ, ಹೋಗಿ ಹೇಳ್ಬಿಡು. ನುಂಗಿಬಿಡ್ತಾರಾ?” ಎಂದ ಪೆಟ್ಟಿಗೆ ಕಟ್ಟಲು ಬಂದಿದ್ದ ನನ್ನ ಭಾವಮೈದ.

“ಹತ್ತು ವರ್ಷ ಕಲ್ಲು ಒಡ್ದೋನಿಗೆ ಮೇಲು ಕೆಳಗು ಗೊತ್ತಾಗಲ್ವೇನೋ?” ಎಂದು ಅಂದಾಜಿನ ಮೇಲೆ ನಾನೇ ಬಾಣ ಬರೆದೆ. ತರೀಕೆರೆಗೆ ಹೋಗಿ ಮೇಷ್ಟ್ರಿಗೆ, “ಕಲ್ಲು ಚೌಕ ಮಾಡಿ, ನಿಮ್ಮ ಬಾಣ ಇದ್ದ ಹಾಗೇ ಮತ್ತೆ ಬರ್ದಿದೀನಿ ಸಾರ್” ಎಂದೆ.

“ನೀನು ಬರ್ದಿದ್ರೆ ಸರಿ ಬಿಡು” ಎಂದರು. ಪೆಟ್ಟಿಗೆಗಳು ಕಡೂರಿನಲ್ಲಿ ರೈಲು ಹತ್ತಿದವು.

ಮರುವರ್ಷ ಮೇಷ್ಟ್ರ ಕಾಗದ ಬಂತು. “ಪದರಗಳು ಒಂದಕ್ಕೊಂದು ಹೊಂದುತ್ತಿಲ್ಲ. ನಿನ್ನ ಕೈ ತಪ್ಪುವುದಲ್ಲ, ಗುಡ್ಡದಲ್ಲಿ ನಾನೇ ಬಾಣ ತಪ್ಪು ಹಾಕಿರಬೇಕು. ನನ್ನ ಕಣ್ಣನ್ನು ಇನ್ನು ನಂಬುವ ಹಾಗಿಲ್ಲ. ಆ ಕೆಲಸ ಕೈಬಿಟ್ಟೆ.”

ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾಳೆ ನಾಡಿದ್ದು ಎಂದು ಎರಡು ವರ್ಷ ತಳ್ಳಿದೆ. ಕಡೆಗೆ ಮೈಸೂರಿಗೆ ಹೋದಾಗ ಅವರ ಹೆಂಡತಿ ಬಾಗಿಲು ತೆಗೆದರು.

“ಅವರು ಹೋಗಿ ನಾಲ್ಕು ತಿಂಗಳಾಯ್ತಪ್ಪ. ಅಜ್ಜಂಪುರದವರಾ? ನಿಮ್ಮ ಕೆಲಸಾನ ಎಷ್ಟು ಹೊಗಳ್ತಿದ್ರು” ಎಂದು ಕಾಫಿ ಕೊಟ್ಟರು. ಕುಡಿದೆ. ಆಕೆಗೂ ಹೇಳದೆ ಬಸ್ಸು ಹತ್ತಿದೆ.

ಈಗ ನನಗೆ ಸ್ವಂತದ್ದೊಂದು ಕ್ವಾರಿ ಇದೆ. ಎರಡು ಟ್ರ್ಯಾಕ್ಟರು, ಒಂದು ತಾರಸಿ ಮನೆ, ಕಾಲೇಜು ಮುಗಿಸಿದ ಮೂವರು ಮಕ್ಕಳು. ಅಂದಾಜಿನ ಮೇಲೆ ಬರೆದ ಆ ಬಾಣಗಳ ಮಾತನ್ನು ಅವರಿಗೂ ಹೇಳಿಲ್ಲ.